ಸಲೋನಿಕಾದ ರಕ್ತ, ಗೊಟ್ಟಿಂಗೆನ್ನಿನ ಲೆಕ್ಕ

ನಾನು ಪಾಠ ಹೇಳಿದ್ದು ಗಣಿತ. ಜೀವಶಾಸ್ತ್ರದ ಚರಿತ್ರೆಯಲ್ಲಿ ಗಣಿತದವನೊಬ್ಬ ನಡುವೆ ಬಂದು ಜಗಳ ತೀರಿಸಿದ ಪ್ರಸಂಗ ಸಿಕ್ಕರೆ ನನಗೆ ಪಕ್ಷಪಾತ ತಪ್ಪಿದ್ದಲ್ಲ. ಗಣಿತಜ್ಞ ಹಾರ್ಡಿಯ ಕತೆ ಓದುಗರಿಗೆ ಗೊತ್ತಿರಬಹುದು. ರಾಮಾನುಜನ್ ಕೇಂಬ್ರಿಡ್ಜಿಗೆ ಹೋಗುವುದಕ್ಕೆ ಆರು ವರ್ಷ ಮೊದಲು, 1908ರಲ್ಲಿ, ತನ್ನ ಜೊತೆ ಕ್ರಿಕೆಟ್ ಆಡುತ್ತಿದ್ದ ತಳಿವಿಜ್ಞಾನಿ ಪನೆಟ್ ಎತ್ತಿದ ಪ್ರಶ್ನೆಗೆ ಆತ ಒಂದು ಪುಟ್ಟ ಪತ್ರದಲ್ಲಿ ಉತ್ತರ ಕೊಟ್ಟ. ಒಂದು ಜೀನಿನ ಎರಡು ರೂಪಗಳು, ಅಂದರೆ ಆಲೀಲುಗಳು, ಜನರಲ್ಲಿ ಪಿ ಮತ್ತು ಕ್ಯೂ ಪ್ರಮಾಣದಲ್ಲಿದ್ದು, ಮದುವೆಗಳು ಆ ಜೀನನ್ನು ನೋಡದೆ ನಡೆದರೆ, ಜೀನೋಟೈಪುಗಳು, ಅಂದರೆ ಒಬ್ಬೊಬ್ಬರಲ್ಲಿರುವ ಎರಡು ಪ್ರತಿಗಳ ಜೋಡಿಗಳು, ಪಿ ವರ್ಗ, ಎರಡು ಪಿಕ್ಯೂ, ಕ್ಯೂ ವರ್ಗದಂತೆ ನಿಲ್ಲುತ್ತವೆ. ಹೈಸ್ಕೂಲಿನ ಎ ಪ್ಲಸ್ ಬಿ ಹೋಲ್ ಸ್ಕ್ವೇರ್, ಅಷ್ಟೆ! ಸ್ಟುಟ್‌ಗಾರ್ಟಿನ ವೈದ್ಯ ವೈನ್‌ಬರ್ಗ್ ಅದೇ ವರ್ಷದ ಜನವರಿಯಲ್ಲೇ ಇದನ್ನು ಹೇಳಿದ್ದ.

ನನಗೆ ಇದಕ್ಕಿಂತ ಹೆಚ್ಚು ರುಚಿಸುವುದು ಫೆಲಿಕ್ಸ್ ಬರ್ನ್‌ಸ್ಟೈನನ ಲೆಕ್ಕ. ಅದಕ್ಕೆ ಬೇಕಾದ ರಕ್ತ ಸಿಕ್ಕಿದ್ದು ಯುದ್ಧದಲ್ಲಿ.

ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಗ್ರೀಸಿನ ಸಲೋನಿಕಾ ಬಂದರಿನಲ್ಲಿ ಇಂಗ್ಲಿಷರು, ಫ್ರೆಂಚರು, ಸರ್ಬಿಯನ್ನರು, ಆಫ್ರಿಕದವರು, ಭಾರತದ ಸೈನಿಕರು ಎಲ್ಲ ಸೇರಿದ್ದರು. ಸರ್ಬಿಯಾದ ಸೈನ್ಯದ ಜೊತೆಗಿದ್ದ ಪೋಲೆಂಡಿನ ವೈದ್ಯ ದಂಪತಿ ಲುಡ್ವಿಕ್ ಮತ್ತು ಹನ್ನಾ ಹಿರ್ಷ್‌ಫೆಲ್ಡ್ ಈ ಸಂತೆಯನ್ನು ಬಿಡಲಿಲ್ಲ. ಸಾವಿರಾರು ಜನರ ರಕ್ತದ ಗುಂಪು ನೋಡಿ 1919ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು. ಇಂಗ್ಲಿಷರಲ್ಲಿ ಎ ಗುಂಪು ಶೇ. 43.4, ಬಿ ಬರೀ 7.2. ಭಾರತೀಯರಲ್ಲಿ ತಿರುಗುಮುರುಗು: ಎ 19, ಬಿ 41.2, ಎಬಿ 8.5, ಓ 31.3. ಎ ಉಳ್ಳವರನ್ನು ಬಿ ಉಳ್ಳವರಿಂದ ಭಾಗಿಸಿ ಅವರು ಒಂದು ‘ಜನಾಂಗ ಸೂಚ್ಯಂಕ’ವನ್ನೂ ಕಟ್ಟಿದರು. ಜನರನ್ನು ಒಂದೇ ಅಂಕಿಗೆ ಇಳಿಸುವ ಆ ಹುರುಪು ನನಗೆ ಹಿಡಿಸುವುದಿಲ್ಲ. ಆದರೆ ಪಟ್ಟಿ ಬಂಗಾರದಂಥದ್ದು.

ಎ ಮತ್ತು ಬಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೇರೆ ಜೀನುಗಳು ಎಂದು ಲುಡ್ವಿಕ್ 1910ರಿಂದ ನಂಬಿದ್ದ. 1924ರಲ್ಲಿ ಗೊಟ್ಟಿಂಗೆನ್ನಿನ ಬರ್ನ್‌ಸ್ಟೈನ್ ಕೇಳಿದ್ದು ಸರಳ ಪ್ರಶ್ನೆ. ಗಣದ ಸಿದ್ಧಾಂತದಲ್ಲಿ ಕ್ಯಾಂಟರ್ ಜೊತೆ ಹೆಸರು ಹಂಚಿಕೊಂಡವನು ಈತನೇ. ಎರಡೂ ಬೇರೆ ಬೇರೆಯಾದರೆ, ಎ ಉಳ್ಳವರ ಪ್ರಮಾಣವನ್ನು ಬಿ ಉಳ್ಳವರ ಪ್ರಮಾಣದಿಂದ ಗುಣಿಸಿದಾಗ ಎಬಿ ಬರಬೇಕಲ್ಲವೆ? ಭಾರತೀಯರ ಅಂಕಿಯನ್ನೇ ತೆಗೆದುಕೊಳ್ಳಿ. ಎ ಉಳ್ಳವರು 19 ಮತ್ತು 8.5 ಸೇರಿ ಶೇ. 27.5, ಬಿ ಉಳ್ಳವರು ಶೇ. 49.7. ಗುಣಿಸಿದರೆ ಶೇ. 13.7. ಕಂಡದ್ದು 8.5. ಇಂಗ್ಲಿಷರಲ್ಲೂ ಹೀಗೆಯೇ: ಬರಬೇಕಾದ್ದು 4.7, ಇದ್ದದ್ದು 3.

ಬರ್ನ್‌ಸ್ಟೈನ್ ಹೇಳಿದ್ದು: ಜೀನು ಒಂದೇ, ಆಲೀಲು ಮೂರು. ಓ ಗುಂಪಿನವರಲ್ಲಿ ಎರಡೂ ಪ್ರತಿ ಓ ಆಗಿರಬೇಕು; ಹಾಗಾಗಿ 0.313ರ ವರ್ಗಮೂಲವೇ ಓ ಆಲೀಲಿನ ಪ್ರಮಾಣ, 0.559. ಓ ಮತ್ತು ಬಿ ಗುಂಪುಗಳೆರಡರಲ್ಲೂ ಎ ಆಲೀಲು ಇರುವುದಿಲ್ಲ; ಅವನ್ನು ಕೂಡಿಸಿ ವರ್ಗಮೂಲ ತೆಗೆದು ಒಂದರಿಂದ ಕಳೆದರೆ ಎ ಸಿಗುತ್ತದೆ, 0.149. ಅದೇ ದಾರಿಯಲ್ಲಿ ಬಿ 0.291. ಮೂರನ್ನೂ ಕೂಡಿಸಿ ನೋಡಿ: 0.999. ಎ, ಬಿ ಗುಣಿಸಿ ಇಮ್ಮಡಿ ಮಾಡಿದರೆ ಎಬಿ ಶೇ. 8.6 ಅಥವಾ 8.7. ಈ ಮೊತ್ತವನ್ನು ಮೊದಲ ಸಲ ಸ್ವಂತ ಕೈಯಿಂದ ಕೂಡಿಸಿದಾಗ ನಾನು ಪೆನ್ನು ಕೆಳಗಿಟ್ಟು ನಕ್ಕೆ.

ಒಂದೇ ಒಂದು ಕುಟುಂಬವನ್ನೂ ಕೂರಿಸಿ ಕೇಳದೆ, ಅಪ್ಪ ಅಮ್ಮ ಯಾರೆಂದು ಗೊತ್ತಿಲ್ಲದ ಸಿಪಾಯಿಗಳ ಗುಂಪಿನಿಂದ, ಜೀನು ಎಷ್ಟು ಎಂದು ಹೇಳಿಬಿಟ್ಟ! ಕುಟುಂಬಗಳ ಮಟ್ಟಿಗೂ ಇದರಿಂದ ಗಟ್ಟಿಯಾದ ತೀರ್ಮಾನ ಹೊರಟಿತು. ಹಳೆಯ ನಂಬಿಕೆಯ ಪ್ರಕಾರ ಎಬಿ ಗುಂಪಿನ ತಾಯಿಗೆ ಓ ಗುಂಪಿನ ಮಗು ಹುಟ್ಟಬಹುದಿತ್ತು. ಹೊಸ ಲೆಕ್ಕದಲ್ಲಿ ಆಕೆ ಮಗುವಿಗೆ ಎ ಅಥವಾ ಬಿ ಒಂದನ್ನು ಕೊಡಲೇಬೇಕು. ಅಂಥ ವರದಿ ಬಂದರೆ ಈಗ ಲ್ಯಾಬಿನವರು ಮೊದಲು ಮತ್ತೊಮ್ಮೆ ಪರೀಕ್ಷೆ ಮಾಡುತ್ತಾರೆ.