ಯೇನಾದ ಮೂರು ಅಂಕಣಗಳು: ಗ್ರಂಥದ ಏಕವಾಕ್ಯತೆಯೂ ದೈವಮೂಲದ ವಾದವೂ

ಯೆರಿಕೋ ಊರಿನ ದಾರಿಯಲ್ಲಿ ಯೇಸು ದೃಷ್ಟಿ ಕೊಟ್ಟದ್ದು ಎಷ್ಟು ಮಂದಿಗೆ? ಮತ್ತಾಯನ ಸುವಾರ್ತೆಯಲ್ಲಿ ಇಬ್ಬರು ಕುರುಡರಿದ್ದಾರೆ. ಮಾರ್ಕನಲ್ಲಿ ಒಬ್ಬನೇ, ಹೆಸರು ಬಾರ್ತಿಮಾಯ. ಈ ಇಬ್ಬರ ಪ್ರಕಾರ ಯೇಸು ಆಗ ಊರು ಬಿಟ್ಟು ಹೊರಟಿದ್ದರು. ಲೂಕನ ಪ್ರಕಾರ ಊರನ್ನು ಇನ್ನೂ ಸಮೀಪಿಸುತ್ತಿದ್ದರು. ಒಂದೊಂದನ್ನು ಒಂದೊಂದು ದಿನ ಓದಿದರೆ ಇದು ಗಮನಕ್ಕೆ ಬರುವುದಿಲ್ಲ. ಬೈಬಲ್ ವಿದ್ವಾಂಸ ಯೋಹಾನ್ ಯಾಕೋಬ್ ಗ್ರೀಸ್‌ಬಾಖ್ ಮೂರನ್ನೂ ಅಕ್ಕಪಕ್ಕದ ಅಂಕಣಗಳಲ್ಲಿ ಅಚ್ಚು ಹಾಕಿಸಿದ. 1774ರಲ್ಲಿ ಮೊದಲು ಬಂದ ಈ ಜೋಡಣೆ 1776ರಲ್ಲಿ ಪ್ರತ್ಯೇಕ ಪುಸ್ತಕವಾಯಿತು. ಅಷ್ಟರಲ್ಲಿ ಅವನು ಜರ್ಮನಿಯ ಯೇನಾ ವಿಶ್ವವಿದ್ಯಾಲಯಕ್ಕೆ ಬಂದಿದ್ದ. 1812ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಪಾಠ ಹೇಳಿದ.

ಅದೇ ಯೇನಾದಲ್ಲಿ ಒಂದೂವರೆ ಶತಮಾನದ ಹಿಂದೆ ಯೋಹಾನ್ ಗೆರ್ಹಾರ್ಡ್ ಇದಕ್ಕೆ ವಿರುದ್ಧ ದಿಕ್ಕಿನ ಕೆಲಸ ಮಾಡಿದ್ದ. ಖೆಮ್‌ನಿಟ್ಸ್ ಆರಂಭಿಸಿ ಲೈಸರ್ ಮುಂದುವರಿಸಿದ ಸುವಾರ್ತೆಗಳ ಸಮನ್ವಯ ಗ್ರಂಥವನ್ನು ಮುಗಿಸಿದವನು ಅವನೇ. ಆ ಪರಂಪರೆಯಲ್ಲಿ ಓಸಿಯಾಂಡರ್ ಎಂಬವನು 1537ರಲ್ಲಿ, ವಿವರ ಬೇರೆಯಾದರೆ ಘಟನೆಯೇ ಬೇರೆ ಎನ್ನುವವರೆಗೆ ಹೋಗಿದ್ದ. ಆದರೆ ಗೆರ್ಹಾರ್ಡ್‌ನನ್ನು ಆ ಸಾಲಿಗೆ ತಳ್ಳಿಬಿಡುವುದು ಅನ್ಯಾಯ. ಒಳಗಿನ ಹೊಂದಾಣಿಕೆ ದೈವತ್ವದ ಒಂದು ಕುರುಹು ಮಾತ್ರ, ಕೊನೆಯ ನಿಶ್ಚಯ ಪವಿತ್ರಾತ್ಮನ ಸಾಕ್ಷ್ಯದಿಂದಲೇ ಎಂಬುದು ಲೂಥರನ ಅನುಯಾಯಿಗಳಾದ ಈ ಪಂಡಿತರ ನಿಲುವು.

ಗ್ರೀಸ್‌ಬಾಖ್‌ಗೆ, ಸುವಾರ್ತೆಗಳು ಹೇಗೆ ರಚನೆಯಾದವು ಎಂಬುದಕ್ಕೆ ವ್ಯತ್ಯಾಸವೇ ಸಾಕ್ಷ್ಯವಾಯಿತು. ಮಾರ್ಕನು ಮತ್ತಾಯ, ಲೂಕ ಇಬ್ಬರನ್ನೂ ಮುಂದಿಟ್ಟುಕೊಂಡು ಬರೆದ ಎಂದು 1789ರಲ್ಲಿ ವಾದಿಸಿದ. ಈಗಿನ ಬಹುಪಾಲು ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಅವನ ಅಂಕಣಗಳನ್ನು ಮಾತ್ರ ಎಲ್ಲರೂ ಬಳಸುತ್ತಾರೆ.

ಒಳಗಿನ ಹೊಂದಾಣಿಕೆಯೇ ದೈವಮೂಲದ ಕುರುಹು ಎಂಬ ವಾದವನ್ನು ಇಸ್ಲಾಮಿನಲ್ಲಿ ಗ್ರಂಥವೇ ಮುಂದಿಡುತ್ತದೆ. ಕುರ್‌ಆನಿನ ಅನ್ನಿಸಾ ಅಧ್ಯಾಯದ 82ನೇ ಸೂಕ್ತದ ತಾತ್ಪರ್ಯ, ಮೂಲ ದೇವರಲ್ಲದಿದ್ದರೆ ಓದುವವರಿಗೆ ವೈರುಧ್ಯಗಳು ಎದುರಾಗುತ್ತಿದ್ದವು ಎಂದು. ನಮ್ಮ ತರ್ಕಶಾಸ್ತ್ರದ ಮಾತಿನಲ್ಲಿ ಇದು ವ್ಯತಿರೇಕದ ಅನುಮಾನ. ಇದರ ಭಾರವೆಲ್ಲ ವ್ಯಾಪ್ತಿಯ ಮೇಲಿದೆ: ಮನುಷ್ಯ ರಚಿಸಿದ್ದರಲ್ಲಿ ವೈರುಧ್ಯ ಇರಲೇಬೇಕೇ? ಚಿಕ್ಕದೊಂದು ರೇಖಾಗಣಿತದ ಪುಸ್ತಕ ತೋರಿಸಿ ಇದನ್ನು ಅಲ್ಲಗಳೆಯುವುದು ಸುಲಭ, ಆದರೆ ಅದು ಸರಿಯಾದ ಉತ್ತರವಲ್ಲ. ವಲಸೆ, ಯುದ್ಧಗಳ ನಡುವೆ ಸುಮಾರು 23 ವರ್ಷ ಬಿಡಿಬಿಡಿಯಾಗಿ ಬಂದ ಗ್ರಂಥದ ಬಗ್ಗೆ ಮುಸ್ಲಿಂ ವಿದ್ವಾಂಸರು ಮಾತಾಡುತ್ತಿದ್ದಾರೆ. 889ರಲ್ಲಿ ತೀರಿಕೊಂಡ ಇಬ್ನ್ ಕುತೈಬಾ ಅದರ ಕಠಿಣ ಸ್ಥಳಗಳನ್ನು ಬಿಡಿಸಲು ಪುಸ್ತಕವನ್ನೇ ಬರೆದ. 1013ರಲ್ಲಿ ತೀರಿಕೊಂಡ ಬಾಕಿಲ್ಲಾನಿಗೆ ವೈರುಧ್ಯದ ಅಭಾವವೊಂದೇ ಸಾಲದಾಯಿತು. ಪದವಿನ್ಯಾಸದ ಅಸಾಧಾರಣತೆಗೆ ಅವನು ಹೆಚ್ಚು ಒತ್ತು ಕೊಟ್ಟ. ನಮ್ಮ ಮೀಮಾಂಸಕರೂ ಏಕವಾಕ್ಯತೆಯನ್ನು ಅರ್ಥನಿರ್ಣಯಕ್ಕೆ ಬಳಸಿದರು. ವೇದದ ಅಪೌರುಷೇಯತ್ವವನ್ನು ಬೇರೆಯೇ ನೆಲೆಯಲ್ಲಿ ಸಾಧಿಸಹೊರಟರು.

ವೈರುಧ್ಯವಿಲ್ಲ ಎಂಬುದರಿಂದ ಏನು ಸಿದ್ಧವಾಗುತ್ತದೆ ಎಂಬ ಪ್ರಶ್ನೆಗೆ ಯೇನಾದಲ್ಲಿ ಅತ್ಯಂತ ಸ್ಪಷ್ಟವಾದ ಮಾತು ಬಂದದ್ದು ದೇವಶಾಸ್ತ್ರದ ವಿಭಾಗದಿಂದಲ್ಲ ಎಂದು ನನಗನಿಸುತ್ತದೆ. ಅಲ್ಲಿ ಗಣಿತ ಕಲಿಸುತ್ತಿದ್ದ ಗೊಟ್ಲೋಬ್ ಫ್ರೇಗೆಗೂ ಗ್ಯೋಟಿಂಗನ್ನಿನ ಗಣಿತಜ್ಞ ಹಿಲ್ಬರ್ಟ್‌ಗೂ ಪತ್ರವ್ಯವಹಾರ ನಡೆದಿತ್ತು. ಮೂಲಸೂತ್ರಗಳಲ್ಲಿ ಪರಸ್ಪರ ವಿರೋಧವಿಲ್ಲದಿದ್ದರೆ ಅವು ಸತ್ಯ, ಅವು ಹೇಳುವ ವಸ್ತುಗಳು ಇವೆ ಎಂದು 1899ರ ಡಿಸೆಂಬರ್ 29ರಂದು ಹಿಲ್ಬರ್ಟ್ ಬರೆದ. ಫ್ರೇಗೆ ಒಪ್ಪಲಿಲ್ಲ: ಸತ್ಯವಾದದ್ದರಲ್ಲಿ ವಿರೋಧ ಇರಲಾರದು, ಆದರೆ ವಿರೋಧವಿಲ್ಲ ಎಂಬುದರಿಂದ ಸತ್ಯ ಸಿದ್ಧವಾಗದು. 1900ರ ಜನವರಿ 6ರ ಉತ್ತರದಲ್ಲಿ ಅವನು ಆರಿಸಿಕೊಂಡ ಉದಾಹರಣೆ ನೋಡಿ. ಬುದ್ಧಿಯುಳ್ಳದ್ದು, ಎಲ್ಲೆಡೆ ಇರುವುದು, ಸರ್ವಶಕ್ತವಾದದ್ದು ಎಂಬ ಮೂರು ಲಕ್ಷಣಗಳು ಒಂದಕ್ಕೊಂದು ಹೊಂದುತ್ತವೆ ಎಂದ ಮಾತ್ರಕ್ಕೆ ಅಂಥ ಒಬ್ಬನು ಇದ್ದಾನೆ ಎಂದು ತೀರ್ಮಾನಿಸಬಹುದೇ ಎಂದು ಕೇಳಿದ.

ಎರಡು ವರ್ಷಗಳ ನಂತರ, 1902ರ ಜೂನ್‌ನಲ್ಲಿ, ಫ್ರೇಗೆಯ ಸ್ವಂತ ಗ್ರಂಥದಲ್ಲೇ ವೈರುಧ್ಯವಿದೆ ಎಂದು ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಪತ್ರ ಬರೆದ. ಆ ಗ್ರಂಥದ ಎರಡನೇ ಸಂಪುಟ ಆಗ ಅಚ್ಚಿನಲ್ಲಿತ್ತು. ಫ್ರೇಗೆ ದೋಷವನ್ನು ಒಪ್ಪಿ ಒಂದು ಅನುಬಂಧ ಸೇರಿಸಿದ. ಅದರೊಂದಿಗೇ ಆ ಸಂಪುಟ 1903ರಲ್ಲಿ ಯೇನಾದಲ್ಲಿ ಪ್ರಕಟವಾಯಿತು.