ಎಂಆರ್‌ಐ: ಪರಮಾಣು ಬೀಜದಿಂದ ದೇಹದ ಚಿತ್ರದವರೆಗೆ

ಎಂಆರ್‌ಐ ಯಂತ್ರ ಚಿತ್ರ ತೆಗೆಯುವುದು ದೇಹದ ನೀರು ಮತ್ತು ಕೊಬ್ಬಿನಲ್ಲಿರುವ ಹೈಡ್ರೋಜನ್ನಿನ ನೆರವಿನಿಂದ. ಹೈಡ್ರೋಜನ್ ಪರಮಾಣುವಿನ ಬೀಜವಾದ ಪ್ರೋಟಾನ್ ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಅದನ್ನು ಬಲವಾದ ಕಾಂತಕ್ಷೇತ್ರದಲ್ಲಿಟ್ಟು ತಕ್ಕ ಕಂಪನಾಂಕದ ರೇಡಿಯೊ ತರಂಗ ಹಾಯಿಸಿದರೆ ಶಕ್ತಿಯನ್ನು ಹೀರಿಕೊಂಡು, ಬಳಿಕ ಅದೇ ಕಂಪನಾಂಕದ ಸಂಕೇತವನ್ನು ಹೊರಡಿಸುತ್ತದೆ. ಇದೇ ಅನುರಣನ. ಕಾಂತಕ್ಷೇತ್ರ ಬಲವಾದಷ್ಟೂ ಕಂಪನಾಂಕ ಏರುತ್ತದೆ. 1 ಟೆಸ್ಲಾ ಕ್ಷೇತ್ರದಲ್ಲಿ ಅದು ಸುಮಾರು 42.58 ಮೆಗಾಹರ್ಟ್ಸ್. ಇಡೀ ತಂತ್ರ ನಿಂತಿರುವುದು ಈ ಒಂದು ಸಂಬಂಧದ ಮೇಲೆ. ಆದರೆ ಇದನ್ನು ಕಂಡುಕೊಂಡವರ ಮನಸ್ಸಿನಲ್ಲಿ ಆಸ್ಪತ್ರೆಯೂ ಇರಲಿಲ್ಲ, ರೋಗಿಯೂ ಇರಲಿಲ್ಲ.

1938ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಇಸಿಡೋರ್ ರಾಬಿ ನಿರ್ವಾತದಲ್ಲಿ ಹಾಯುವ ಅಣುಗಳ ದೂಲದಲ್ಲಿ ಅನುರಣನವನ್ನು ಅಳೆದರು. ಅವರಿಗೆ ಬೇಕಿದ್ದದ್ದು ಪರಮಾಣು ಬೀಜದ ಕಾಂತೀಯ ಗುಣದ ಲೆಕ್ಕ. 1945ರ ಡಿಸೆಂಬರ್‌ನಲ್ಲಿ ಹಾರ್ವರ್ಡ್‌ನ ಎಡ್ವರ್ಡ್ ಪರ್ಸೆಲ್ ತಂಡ ಪ್ಯಾರಾಫಿನ್ ಮೇಣದಲ್ಲಿ, ಕೆಲವೇ ವಾರಗಳ ನಂತರ ಸ್ಟ್ಯಾನ್‌ಫರ್ಡ್‌ನ ಫೆಲಿಕ್ಸ್ ಬ್ಲಾಕ್ ತಂಡ ನೀರಿನಲ್ಲಿ ಅದೇ ಸಂಕೇತವನ್ನು ಹಿಡಿದವು. ಒಬ್ಬರ ಕೆಲಸ ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಯುದ್ಧಕಾಲದಲ್ಲಿ ರಡಾರ್ ಕೆಲಸ ಮಾಡಿ ಪಳಗಿದ್ದು ಇಬ್ಬರಿಗೂ ನೆರವಾಯಿತು. 1952ರ ಭೌತವಿಜ್ಞಾನದ ನೊಬೆಲ್ ಅವರಿಬ್ಬರಿಗೆ ಸಂದಿತು.

ಮುಂದಿನ ಎರಡು ದಶಕ ಈ ವಿದ್ಯೆ ಮುಖ್ಯವಾಗಿ ರಸಾಯನವಿಜ್ಞಾನಿಗಳ ಕೈಯಲ್ಲಿ ಬೆಳೆಯಿತು. ಬೇರೆ ಬೇರೆ ಅಣುಗಳೊಳಗಿನ ಪ್ರೋಟಾನ್‌ಗಳ ಕಂಪನಾಂಕ ತುಸುವೇ ಬೇರೆಯಾಗಿರುವುದರಿಂದ ಅಣುವಿನ ರಚನೆಯನ್ನು ಓದಬಹುದಿತ್ತು. ಅದಕ್ಕೆ ಕಾಂತಕ್ಷೇತ್ರ ಎಲ್ಲೆಡೆ ಒಂದೇ ಸಮ ಇರಬೇಕು. ಹಾಗಾಗಿ ಅಯಸ್ಕಾಂತಗಳನ್ನು ತಿದ್ದಿ ತೀಡಿ ಏರುಪೇರು ನೀಗಿಸುವುದು ಪ್ರಯೋಗಾಲಯಗಳ ದೊಡ್ಡ ಶ್ರಮವಾಯಿತು. ಇದೇ ಕಾಲದಲ್ಲಿ, 1951ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್ ಹರಿಯುವ ದ್ರವಗಳಲ್ಲಿ ಅನುರಣನವನ್ನು ಪರೀಕ್ಷಿಸಿದರು. ರೇಡಿಯೊ ತರಂಗ ಹೀರಿ ದಣಿದ ಬೀಜಗಳು ಮುಂದೆ ಸಾಗಿ, ಹೊಸವು ಸಂಕೇತ ಹಿಡಿಯುವ ತಂತಿ ಸುರುಳಿಯೊಳಗೆ ಬರುವುದರಿಂದ ಹರಿವಿನಲ್ಲಿ ಸಂಕೇತ ಬದಲಾಗುತ್ತದೆಂದು ಅವರು ತೋರಿಸಿದರು. 1959ರಲ್ಲಿ ಬರ್ಕ್ಲಿಯ ಜೇ ಸಿಂಗರ್ ಇಲಿಯ ಬಾಲದ ರಕ್ತದ ಹರಿವನ್ನು ಅನುರಣನದಿಂದ ಅಳೆದರು. ಇಂದು ಬಣ್ಣದ್ರವ್ಯ ಚುಚ್ಚದೆಯೇ ರಕ್ತನಾಳಗಳನ್ನು ತೋರಿಸುವ ಎಂಆರ್‌ಐ ವಿಧಾನಗಳಲ್ಲಿ ಈ ತತ್ವ ಕೆಲಸ ಮಾಡುತ್ತಿದೆ. ಎಂಆರ್‌ಐ ಚರಿತ್ರೆ ಹೇಳುವಾಗ ಸೂರ್ಯನ್ ಅವರ ಹೆಸರು ಇನ್ನೂ ಹೆಚ್ಚು ಕೇಳಿಬರಬೇಕು.

ವೈದ್ಯಕೀಯದ ಕಡೆ ತಿರುವು ಕೊಟ್ಟವರು ನ್ಯೂಯಾರ್ಕಿನ ವೈದ್ಯ ರೇಮಂಡ್ ಡಮೇಡಿಯನ್. ಕೆರಳಿದ ಪ್ರೋಟಾನ್‌ಗಳು ಮೊದಲಿನ ಸ್ಥಿತಿಗೆ ಮರಳುವ ಅವಧಿ ಇಲಿಯ ಕ್ಯಾನ್ಸರ್ ಗಡ್ಡೆಯಲ್ಲಿ ಹೆಚ್ಚು, ಆರೋಗ್ಯವಂತ ಅಂಗಾಂಶದಲ್ಲಿ ಕಡಿಮೆ ಎಂದು ಅವರು 1971ರಲ್ಲಿ ಪ್ರಕಟಿಸಿದರು. ಈ ಅಳತೆಯೊಂದರಿಂದಲೇ ಕ್ಯಾನ್ಸರ್ ಗುರುತಿಸಲಾಗದೆಂದು ಮುಂದೆ ತಿಳಿಯಿತು. ಆದರೂ ಅಂಗಾಂಶಗಳ ನಡುವಿನ ಈ ವ್ಯತ್ಯಾಸವೇ ಎಂಆರ್‌ಐ ಚಿತ್ರದ ಕಪ್ಪು ಬಿಳುಪಿಗೆ ಆಧಾರ.

ಆ ವರ್ಷವೇ ಇಂಥ ಅಳತೆಯನ್ನು ಮತ್ತೊಮ್ಮೆ ಮಾಡುತ್ತಿದ್ದುದನ್ನು ಪಿಟ್ಸ್‌ಬರ್ಗ್ ಹತ್ತಿರ ರಸಾಯನವಿಜ್ಞಾನಿ ಪಾಲ್ ಲಾಟರ್‌ಬರ್ ನೋಡಿದರು. ಅಂಗಾಂಶವನ್ನು ಕತ್ತರಿಸಿ ತೆಗೆಯದೆ, ಸಂಕೇತ ದೇಹದ ಯಾವ ಜಾಗದಿಂದ ಬಂತೆಂದು ಹೊರಗಿನಿಂದಲೇ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಅವರಿಗೆ ಹೊಳೆದ ಉತ್ತರ ಅಂದಿನ ರೂಢಿಗೆ ತೀರ ವಿರುದ್ಧ. ಎಲ್ಲರೂ ಕಾಂತಕ್ಷೇತ್ರದ ಏರುಪೇರನ್ನು ನೀಗಿಸಲು ಹೆಣಗುತ್ತಿದ್ದಾಗ, ಅವರು ಬೇಕೆಂದೇ ಕ್ಷೇತ್ರವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಕ್ರಮವಾಗಿ ಏರಿಸಿದರು. ಆಗ ಪ್ರತಿ ಜಾಗದ ಪ್ರೋಟಾನ್‌ಗೂ ತನ್ನದೇ ಕಂಪನಾಂಕ ದಕ್ಕುತ್ತದೆ. ಕಂಪನಾಂಕ ಕೇಳಿದರೆ ಜಾಗ ತಿಳಿಯುತ್ತದೆ. ಹಲವು ದಿಕ್ಕುಗಳಲ್ಲಿ ಹೀಗೆ ಅಳೆದು, ಭಾರಜಲದ ನಡುವೆ ಇಟ್ಟ ಎರಡು ಸಣ್ಣ ನೀರಿನ ನಳಿಕೆಗಳ ಚಿತ್ರವನ್ನು ಅವರು ಕಟ್ಟಿದರು. ಮೊದಲು ತಿರಸ್ಕರಿಸಿದ ಈ ಪ್ರಬಂಧವನ್ನು ‘ನೇಚರ್’ ಪತ್ರಿಕೆ 1973ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅನುರಣನವನ್ನು ದ್ರವದಲ್ಲಿ ಹಿಡಿದು ಆಗಲೇ 27 ವರ್ಷ ಕಳೆದಿತ್ತು. ಬೇಕಾದ ಭೌತವಿಜ್ಞಾನವೆಲ್ಲ ಅಷ್ಟರಲ್ಲಿ ಕೈಯಲ್ಲೇ ಇತ್ತು. ದೋಷವೆನಿಸಿದ್ದನ್ನು ಸಾಧನವಾಗಿ ಕಾಣುವವರಷ್ಟೇ ಬೇಕಾಗಿದ್ದರು.

ಕಂಡದ್ದನ್ನು ಆಸ್ಪತ್ರೆಗೆ ಒಯ್ಯಲು ಹಲವು ಕೈಗಳು ಸೇರಿದವು. ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ 1975ರಲ್ಲಿ ಫೂರಿಯೆ ಗಣಿತದಿಂದ ಚಿತ್ರ ಕಟ್ಟುವ ಕ್ರಮವನ್ನು ರೂಪಿಸಿದರು. ಅನಿಲ್ ಕುಮಾರ್ ನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದರು. ನಾಟಿಂಗ್‌ಹ್ಯಾಮ್‌ನ ಪೀಟರ್ ಮ್ಯಾನ್ಸ್‌ಫೀಲ್ಡ್, ದೇಹದ ಒಂದು ತೆಳು ಪದರವನ್ನಷ್ಟೇ ಆರಿಸಿ ಕೆರಳಿಸುವ ವಿಧಾನವನ್ನೂ 1977ರಲ್ಲಿ ಅತಿ ವೇಗದ ಚಿತ್ರಣದ ಗಣಿತವನ್ನೂ ಕೊಟ್ಟರು. 1978ರಲ್ಲಿ ತಾವೇ ಯಂತ್ರದೊಳಗೆ ಹೊಕ್ಕು ಹೊಟ್ಟೆಯ ಚಿತ್ರ ತೆಗೆಸಿಕೊಂಡರು. ಡಮೇಡಿಯನ್ ತಂಡ 1977ರ ಜುಲೈ 3ರಂದು ಮನುಷ್ಯನ ಎದೆಯ ಚಿತ್ರ ಪಡೆದಿತ್ತು. ಬಿಂದು ಬಿಂದುವಾಗಿ ಅಳೆಯಬೇಕಾದ್ದರಿಂದ ಸುಮಾರು 5 ಗಂಟೆ ಹಿಡಿಯಿತು. 1980ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನ ಜಾನ್ ಮಲ್ಲಾರ್ಡ್ ಅವರ ವಿಭಾಗದಲ್ಲಿ ಬಿಲ್ ಎಡಲ್‌ಸ್ಟೀನ್ ಮತ್ತು ಜಿಮ್ ಹಚಿಸನ್, ಜ್ಯೂರಿಕ್ ಕ್ರಮವನ್ನು ಅಲುಗಾಟ ತಾಳುವಂತೆ ಮಾರ್ಪಡಿಸಿದರು. ಕೇವಲ 0.04 ಟೆಸ್ಲಾದ ಆ ಯಂತ್ರದಲ್ಲಿ ಆಗಸ್ಟ್ 28ರಂದು ಒಬ್ಬ ರೋಗಿಯ ಕ್ಯಾನ್ಸರ್ ಹರಡುವಿಕೆ ಚಿತ್ರದಲ್ಲಿ ಕಂಡಿತು. ದ್ರವ ಹೀಲಿಯಂನಲ್ಲಿ ತಂಪಾಗಿಸಿದ ಅತಿವಾಹಕ ಅಯಸ್ಕಾಂತಗಳು ಬಂದ ಮೇಲೆ 1.5 ಟೆಸ್ಲಾ ಯಂತ್ರಗಳು ಸಾಮಾನ್ಯವಾದವು.

2003ರ ವೈದ್ಯಕೀಯ ನೊಬೆಲ್ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ ದೊರೆಯಿತು. ತಮ್ಮನ್ನು ಕೈಬಿಟ್ಟದ್ದನ್ನು ಡಮೇಡಿಯನ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಖಂಡಿಸಿದರು. ಚಿತ್ರ ಕಟ್ಟುವ ದಾರಿ ಲಾಟರ್‌ಬರ್ ಅವರದು. ಆದರೆ ಅವರನ್ನು ಆ ಪ್ರಶ್ನೆಗೆ ತಂದು ನಿಲ್ಲಿಸಿದ್ದು ಡಮೇಡಿಯನ್ ಕಂಡ ವ್ಯತ್ಯಾಸ.

ಇನ್ನೊಂದು ಹಳೆಯ ಶೋಧ ಬಳಕೆಗೆ ಬರಲು ಅನುರಣನಕ್ಕಿಂತಲೂ ಹೆಚ್ಚು ಕಾಲ ಕಾದಿತ್ತು. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರಕ್ಕೆ ಬೇರೆ ರೀತಿ ಸ್ಪಂದಿಸುತ್ತದೆಂದು 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೋರಿಯಲ್ ಕಂಡಿದ್ದರು. 1990ರಲ್ಲಿ ಸೆಯ್ಜಿ ಒಗಾವಾ ಇದರಿಂದಲೇ ಮೆದುಳಿನ ರಕ್ತದಲ್ಲಿ ಆಮ್ಲಜನಕದ ಏರಿಳಿತವನ್ನು ಚಿತ್ರದಲ್ಲಿ ತೋರಿಸಿದರು. 1992ರಲ್ಲಿ ಅಮೆರಿಕದ ಮೂರು ತಂಡಗಳು ಎಚ್ಚರವಿರುವ ಮನುಷ್ಯರ ಮೆದುಳಿನ ಚಟುವಟಿಕೆಯನ್ನು ಹೀಗೆ ದಾಖಲಿಸಿದವು. ಮ್ಯಾನ್ಸ್‌ಫೀಲ್ಡ್ ಅವರ ವೇಗದ ವಿಧಾನ ಅಲ್ಲಿ ಬಹಳ ಉಪಯೋಗಕ್ಕೆ ಬಂತು. ಮೆದುಳಿನ ಗಡ್ಡೆ ತೆಗೆಯುವ ಮುನ್ನ ಮಾತಿನ ಮತ್ತು ಕೈ ಚಲನೆಯ ಕೇಂದ್ರಗಳು ಎಲ್ಲಿವೆಯೆಂದು ಶಸ್ತ್ರವೈದ್ಯರು ಈಗ ಈ ತಂತ್ರದಿಂದ ನೋಡಿಕೊಳ್ಳುತ್ತಾರೆ.