2,550 ಲೀಟರ್ ಮೂತ್ರ ಮತ್ತು ಒಂದು ಇಂಜೆಕ್ಷನ್

ಡಯಾಲಿಸಿಸ್‌ಗೆ ಹೋಗುವವರು ನಿಮ್ಮ ಮನೆಯಲ್ಲೋ, ಪಕ್ಕದ ಬೀದಿಯಲ್ಲೋ ಇರ್ತಾರೆ. ಅವರನ್ನ ಕೇಳಿ ನೋಡಿ. ರಕ್ತ ಕಡಿಮೆಯಾಗಿದೆ ಅಂತ ಒಂದು ಇಂಜೆಕ್ಷನ್ ಕೊಡ್ತಾರೆ. ಹೆಸರು ಎರಿಥ್ರೊಪೊಯೆಟಿನ್. ನಾಲಿಗೆ ಹೊರಳದಿದ್ದರೆ ಇಪಿಓ ಅನ್ನಿ, ಸಾಕು.

ಇದು ಮುಖ್ಯವಾಗಿ ನಮ್ಮ ಕಿಡ್ನಿಯೇ ತಯಾರಿಸುವ ಹಾರ್ಮೋನು. ಕೆಂಪು ರಕ್ತಕಣ ಮಾಡು ಅಂತ ಮೂಳೆಯೊಳಗಿನ ಮಜ್ಜೆಗೆ ಹೇಳೋದೇ ಇದರ ಕೆಲಸ. ಕಿಡ್ನಿ ಕೆಟ್ಟರೆ ಆ ಮಾತು ಹೇಳುವವರೇ ಇಲ್ಲ. ಹಿಂದೆಲ್ಲ ಇಂಥ ರೋಗಿಗಳು ಮತ್ತೆ ಮತ್ತೆ ಬೇರೆಯವರ ರಕ್ತ ಏರಿಸಿಕೊಂಡೇ ಬದುಕಬೇಕಿತ್ತು.

ಶಿಕಾಗೋ ವಿಶ್ವವಿದ್ಯಾಲಯದ ಯುಜೀನ್ ಗೋಲ್ಡ್‌ವಾಸರ್ 1955ರಲ್ಲಿ ಈ ಹಾರ್ಮೋನಿನ ಬೆನ್ನು ಹತ್ತಿದರು. ಕುರಿಯ ರಕ್ತದಲ್ಲಿ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಕೈಹಿಡಿದವರು ಜಪಾನಿನ ತಕಾಜಿ ಮಿಯಾಕೆ. ಮಜ್ಜೆ ಸೋತ ರೋಗಿಗಳ ಮೂತ್ರದಲ್ಲಿ ಇಪಿಓ ಹೆಚ್ಚಿರುತ್ತೆ. ಅಂಥವರ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, ಗಂಟು ಕಟ್ಟಿ 1975ರಲ್ಲಿ ಶಿಕಾಗೋಗೆ ತಂದುಕೊಟ್ಟರು. 1977ರಲ್ಲಿ ಅದರಿಂದ ಸಿಕ್ಕ ಶುದ್ಧ ಇಪಿಓ ಎಷ್ಟು ಗೊತ್ತಾ? ಸುಮಾರು 8 ಮಿಲಿಗ್ರಾಂ! ಒಂದು ಚಿಟಿಕೆಯೂ ಅಲ್ಲ. ಇದರಲ್ಲಿ ಎಷ್ಟು ಜನರನ್ನ ಉಳಿಸೋಕಾಗುತ್ತೆ?

ಹಾಗಾಗಿ ಹಾರ್ಮೋನನ್ನು ಹುಡುಕೋದಲ್ಲ, ಬೆಳೆಸಬೇಕಿತ್ತು. 1983ರಲ್ಲಿ ಅಮ್ಜೆನ್ ಕಂಪನಿಯ ಫು-ಕುಯೆನ್ ಲಿನ್ ಇಪಿಓ ಜೀನನ್ನು ಪತ್ತೆಹಚ್ಚಿ ಪ್ರತ್ಯೇಕಿಸಿದರು. ಅದನ್ನು ಸೇರಿಸಿದ್ದು ಚೀನೀ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಅಂಡಾಶಯದಿಂದ ಬಂದ ಜೀವಕೋಶಗಳಿಗೆ. ಈ ಕೋಶಗಳು 1957ರಿಂದಲೂ ಪ್ರಯೋಗಾಲಯದಲ್ಲಿ ಬೆಳೆಯುತ್ತಿದ್ದವು.

ಇಲ್ಲಿದೆ ನೋಡಿ ಜಾಣತನ. ಬದುಕಲು ಬೇಕಾದ ಒಂದು ಜೀನೇ ಇಲ್ಲದ ಕೋಶಗಳನ್ನು ಆರಿಸಿದರು. ಆ ಜೀನನ್ನೂ ಇಪಿಓ ಜೀನನ್ನೂ ಒಟ್ಟಿಗೆ ಒಳಗೆ ಬಿಟ್ಟರು. ಸ್ವೀಕರಿಸಿದ ಕೋಶ ಬದುಕಿತು, ಉಳಿದದ್ದು ಸತ್ತಿತು. ಆಮೇಲೆ ಮೆಥೊಟ್ರೆಕ್ಸೇಟ್ ಎಂಬ ವಿಷವನ್ನು ಹಂತಹಂತವಾಗಿ ಏರಿಸಿದರು. ತಾಳಿಕೊಳ್ಳಲು ಕೋಶಗಳು ಆ ಜೀನಿನ ಪ್ರತಿಗಳನ್ನು ಹೆಚ್ಚಿಸಿಕೊಂಡವು. ಜೊತೆಗಿದ್ದ ಇಪಿಓ ಜೀನೂ ಹೆಚ್ಚಾಯ್ತು! ಆ ಗುಣ ಮರಿಕೋಶಗಳಿಗೂ ಇಳಿಯಿತು. ನಮ್ಮ ಮನೆಯಲ್ಲಿ ಹೆಪ್ಪು ಕಾಯ್ದಿಡುವ ಹಾಗೆ, ಆ ಕೋಶಗಳನ್ನು ಶೀತಲೀಕರಿಸಿ ಇಟ್ಟರೆ ಬೇಕೆಂದಾಗ ಮತ್ತೆ ಬೆಳೆಸಬಹುದು.

1989ರಲ್ಲಿ ಅಮೆರಿಕ ಔಷಧಿಗೆ ಒಪ್ಪಿಗೆ ಕೊಟ್ಟಿತು. ಲಕ್ಷಾಂತರ ರೋಗಿಗಳು ಪದೇ ಪದೇ ರಕ್ತ ಏರಿಸಿಕೊಳ್ಳುವುದು ತಪ್ಪಿತು. ಪೇಟೆಂಟ್ ಕಂಪನಿಗೆ ಸಿಕ್ಕಿತು, ಶತಕೋಟಿ ಡಾಲರ್‌ಗಳ ವ್ಯಾಪಾರ ನಡೆಯಿತು. ಗೋಲ್ಡ್‌ವಾಸರ್‌ಗೆ? ಪೇಟೆಂಟ್ ಇಲ್ಲ. ಅವರ ಸಂಶೋಧನೆಗೆ ಹಣ ಕೊಟ್ಟಿದ್ದು ಅಮೆರಿಕ ಸರ್ಕಾರ. ನಂತರ ಡಯಾಲಿಸಿಸ್ ರೋಗಿಗಳ ಔಷಧಿ ಬಿಲ್ಲಿನ ದೊಡ್ಡ ಪಾಲು ಕಟ್ಟಿದ್ದೂ ಅದೇ ಸರ್ಕಾರ. ಅಂದರೆ ಜನ ಒಂದೇ ಔಷಧಿಗೆ ಎರಡು ಸಲ ದುಡ್ಡು ಕೊಟ್ಟರು. ನ್ಯಾಯವಾ ಇದು?

ಕಂಪನಿಯ ಶ್ರಮ ಸುಳ್ಳಲ್ಲ. ಲಿನ್ ಇಲ್ಲದಿದ್ದರೆ ಔಷಧಿಯೂ ಇಲ್ಲ. ಆದರೆ ಆ 8 ಮಿಲಿಗ್ರಾಂ ಇಲ್ಲದಿದ್ದರೆ ಲಿನ್ ಎಲ್ಲಿಂದ ಶುರು ಮಾಡ್ತಿದ್ದರು? ಇವತ್ತು ಭಾರತದ ಕಂಪನಿಗಳೂ ಇಪಿಓ ತಯಾರಿಸುತ್ತವೆ. ಮುಂದಿನ ಸಲ ಸರ್ಕಾರದ ದುಡ್ಡಲ್ಲಿ ದೊಡ್ಡ ಸಂಶೋಧನೆ ಆಯ್ತು ಅಂತ ಸುದ್ದಿ ಬಂದಾಗ ಒಂದೇ ಪ್ರಶ್ನೆ ಕೇಳಿ: ಔಷಧಿಯ ಬೆಲೆ ನಿರ್ಧರಿಸುವವರು ಯಾರು?